ಗಲ್ಲಾಪೆಟ್ಟಿಗೆಯಿಂದ ಕಸದ ಬುಟ್ಟಿಗೆ: ಸಣ್ಣ ವ್ಯಾಪಾರಗಳ ತ್ಯಾಜ್ಯದ ಲೆಕ್ಕ

ಹೋಟೆಲು, ಬೇಕರಿ, ದಿನಸಿ ಅಂಗಡಿ, ಗ್ಯಾರೇಜು, ಟೈಲರ್ ಅಂಗಡಿ, ಹೀಗೆ ಯಾವ ಸಣ್ಣ ವ್ಯಾಪಾರದಲ್ಲೂ ಕಸಕ್ಕೆ ಎರಡು ಸಲ ಹಣ ಹೋಗುತ್ತದೆ. ಮೊದಲ ಸಲ ಸರಕು ಕೊಳ್ಳುವಾಗ, ಎರಡನೆಯ ಸಲ ಅದನ್ನು ಹೊರಗೆ ಸಾಗಿಸುವಾಗ. ಲೆಕ್ಕದ ಪುಸ್ತಕಕ್ಕೆ ಏರುವುದು ಎರಡನೆಯದು ಮಾತ್ರ: ಕಸದ ಗಾಡಿಯವರಿಗೆ ಕೊಟ್ಟ ತಿಂಗಳ ಹಣ, ನಗರಸಭೆಯ ಶುಲ್ಕ, ಗುತ್ತಿಗೆದಾರರ ಬಿಲ್ಲು. ಮೊದಲನೆಯದು ಅಕ್ಕಿ, ಎಣ್ಣೆ, ಬಟ್ಟೆ, ಕಾಗದದ ಖರೀದಿಯೊಳಗೇ ಕರಗಿಹೋಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ಮೊತ್ತ ಇರುವುದು ಅಲ್ಲೇ.

ಒಂದು ಸಣ್ಣ ಹೋಟೆಲಿನಿಂದ ದಿನಕ್ಕೆ 20 ಕೆಜಿ ಹಸಿ ಕಸ ಹೊರಬೀಳುತ್ತದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಬಹುದು. ಸಾಗಿಸಲು ಕೆಜಿಗೆ 6 ರೂಪಾಯಿ ಕೊಟ್ಟರೆ ದಿನಕ್ಕೆ 120, ತಿಂಗಳಿಗೆ 3,600 ರೂಪಾಯಿ. ಆ 20 ಕೆಜಿಯಲ್ಲಿ ಅರ್ಧ ಸಿಪ್ಪೆ, ತೊಟ್ಟು, ಕಾಫಿ ಚರಟ. ಉಳಿದರ್ಧ ತಿನ್ನಬಹುದಾಗಿದ್ದ ಅನ್ನ, ಸಾಂಬಾರು, ಪಲ್ಯ, ಚಟ್ನಿ. ಆ ಹತ್ತು ಕೆಜಿಗೆ ಬಿದ್ದ ದಿನಸಿ, ಗ್ಯಾಸು ಮತ್ತು ಕೂಲಿ ಕೆಜಿಗೆ ಬರೀ 40 ರೂಪಾಯಿ ಎಂದುಕೊಂಡರೂ ದಿನಕ್ಕೆ 400, ತಿಂಗಳಿಗೆ 12,000 ರೂಪಾಯಿ. ಸಾಗಣೆಯ ದರ ಇಳಿಸಿ ಎಂದು ಗುತ್ತಿಗೆದಾರರೊಡನೆ ಚೌಕಾಸಿ ಮಾಡಿ ಉಳಿಸಬಹುದಾದದ್ದು ಕೆಲವು ನೂರು ರೂಪಾಯಿ. ಅಡುಗೆಮನೆಯೊಳಗೇ ಕಸ ಹುಟ್ಟದಂತೆ ನೋಡಿಕೊಂಡರೆ ಉಳಿಯುವುದು ಅದರ ಹತ್ತಾರು ಪಟ್ಟು.

ಕಸವಾಗಿ ಹೋದ ಸರಕಿಗೂ ಬೆಲೆ ಕಟ್ಟಿ ಲೆಕ್ಕಕ್ಕೆ ಸೇರಿಸುವ ಈ ಪದ್ಧತಿ ಮೊದಲು ರೂಪುಗೊಂಡದ್ದು ಜರ್ಮನಿಯಲ್ಲಿ. ಜಪಾನಿನ ಕಾರ್ಖಾನೆಗಳು ಅದನ್ನು ಬೆಳೆಸಿದವು. 2011ರಲ್ಲಿ ಅದು ಐಎಸ್ಒ 14051 ಎಂಬ ಅಂತರರಾಷ್ಟ್ರೀಯ ಮಾನದಂಡವಾಯಿತು. ಹೋಟೆಲುಗಳ ಮಟ್ಟಿಗೆ ಪೋಲು ತಡೆಯುವುದರ ಫಲ ಎಷ್ಟೆಂಬುದಕ್ಕೆ 2019ರ ಒಂದು ಅಧ್ಯಯನ ಸಾಕ್ಷಿ. 12 ದೇಶಗಳ 114 ರೆಸ್ಟೋರೆಂಟುಗಳನ್ನು ಪರಿಶೀಲಿಸಿದಾಗ, ಆಹಾರ ಪೋಲಾಗುವುದನ್ನು ತಡೆಯಲು ಹಾಕಿದ ಪ್ರತಿ ಒಂದು ಡಾಲರಿಗೆ ಸರಾಸರಿ ಏಳು ಡಾಲರ್ ಉಳಿತಾಯ ಕಂಡುಬಂತು. ಆ ಹಣ ಹೋದದ್ದು ಮುಖ್ಯವಾಗಿ ತೂಕ ಮಾಡುವುದಕ್ಕೆ, ಸಿಬ್ಬಂದಿಗೆ ಕಲಿಸುವುದಕ್ಕೆ, ದಾಸ್ತಾನಿನ ಕ್ರಮ ಬದಲಿಸುವುದಕ್ಕೆ. ದುಬಾರಿ ಯಂತ್ರಗಳ ಮಾತೇ ಅಲ್ಲಿ ಮುಖ್ಯವಾಗಿರಲಿಲ್ಲ.

ಸಾಗಣೆಯ ಖರ್ಚು ಮಾತ್ರ ಏಕೆ ಏರುತ್ತಲೇ ಇದೆ ಎಂಬುದು ಕರ್ನಾಟಕದ ನಗರಗಳ ಈಚಿನ ಇತಿಹಾಸ ಬಲ್ಲವರಿಗೆ ಗೊತ್ತು. ಬೆಂಗಳೂರಿನ ಕಸ ಬಹುಕಾಲ ಊರಾಚೆಯ ಹಳ್ಳಿಗಳ ಮೇಲೆ ಬೀಳುತ್ತಿತ್ತು. ಬಾವಿ, ಕೊಳವೆಬಾವಿಗಳ ನೀರು ಕೆಟ್ಟು, ನೊಣ ಮತ್ತು ದುರ್ವಾಸನೆಯಲ್ಲಿ ಬದುಕಿದ ಜನ ತಿರುಗಿಬಿದ್ದರು. 2012ರಲ್ಲಿ ಮಾವಳ್ಳಿಪುರದ ಭೂಭರ್ತಿ ಮುಚ್ಚಿತು. 2014ರ ಕೊನೆಯಲ್ಲಿ ಮಂಡೂರಿಗೆ ಕಸ ಸಾಗಿಸುವುದೂ ನಿಂತಿತು. ಕಸ ಹುಟ್ಟಿದಲ್ಲೇ ಅದನ್ನು ಬೇರ್ಪಡಿಸಬೇಕೆಂದು ಕರ್ನಾಟಕ ಹೈಕೋರ್ಟ್ 2012ರಲ್ಲೇ ಆದೇಶಿಸಿತ್ತು. 2019ರ ಆಗಸ್ಟಿನ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡವೇ ಜಾರಿ ಪಕ್ಕದ ಮಂದಾರ ಪ್ರದೇಶದ ಮನೆ, ಅಡಿಕೆ ತೋಟಗಳ ಮೇಲೆ ಹರಿಯಿತು. ಅಲ್ಲಿನ ಕುಟುಂಬಗಳು ನೆಲೆ ಬಿಡಬೇಕಾಯಿತು. ಎಸೆಯಲು ಅಗ್ಗದ ಜಾಗ ಇನ್ನು ಎಲ್ಲೂ ಉಳಿದಿಲ್ಲ, ಉಳಿಯಲೂ ಬಾರದು. ಬೇರ್ಪಡಿಸಿ, ಸಾಗಿಸಿ, ಸಂಸ್ಕರಿಸುವ ನಿಜವಾದ ಖರ್ಚನ್ನು ಕಸ ಹುಟ್ಟಿಸುವವರೇ ಹೊರಬೇಕೆಂಬ ನೀತಿ ಎಲ್ಲೆಡೆ ಗಟ್ಟಿಯಾಗುತ್ತಿದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ದಿನಕ್ಕೆ ಸರಾಸರಿ 100 ಕೆಜಿಗಿಂತ ಹೆಚ್ಚು ಕಸ ಹುಟ್ಟಿಸುವವರನ್ನು ಬೃಹತ್ ತ್ಯಾಜ್ಯ ಉತ್ಪಾದಕರೆಂದು ಗುರುತಿಸಿ, ಹಸಿ ಕಸವನ್ನು ಆದಷ್ಟೂ ತಮ್ಮ ಆವರಣದಲ್ಲೇ ಸಂಸ್ಕರಿಸುವ ಹೊಣೆ ಹೊರಿಸಿದವು. ಬೆಂಗಳೂರಿನಲ್ಲಿ 2025ರ ಏಪ್ರಿಲಿನಿಂದ ಆಸ್ತಿ ತೆರಿಗೆಯೊಂದಿಗೆ ತ್ಯಾಜ್ಯ ಬಳಕೆದಾರರ ಶುಲ್ಕವೂ ಸೇರಿಕೊಂಡಿತು. ಜನ ತುಂಬಿದ ದರ್ಶಿನಿಯೊಂದು ತನಗರಿವಿಲ್ಲದೆ 100 ಕೆಜಿಯ ಗಡಿ ದಾಟಿರಬಹುದು. ಅದು ಗೊತ್ತಾಗಬೇಕಾದರೂ ಮೊದಲು ತೂಗಬೇಕು.

ತೂಗುವ ಕೆಲಸಕ್ಕೆ ಒಂದು ವಾರ ಸಾಕು. ವಾರದೊಳಗೆ ಶನಿವಾರ, ಭಾನುವಾರಗಳೂ ಬರಬೇಕು, ಏಕೆಂದರೆ ರಜೆಯ ದಿನದ ಗಿರಾಕಿಯೂ ಊಟವೂ ಬೇರೆ. ತರಕಾರಿ ತೂಗುವ ತಕ್ಕಡಿಯೇ ಆಗುತ್ತದೆ. ಅಡುಗೆಮನೆಯಲ್ಲಿ ಮೂರು ಬಕೆಟ್ ಇಟ್ಟು, ಹೆಚ್ಚುವಾಗ ಬಿದ್ದದ್ದನ್ನು ಒಂದಕ್ಕೆ, ಮಾಡಿ ಮಾರಾಟವಾಗದೆ ಉಳಿದದ್ದನ್ನು ಇನ್ನೊಂದಕ್ಕೆ, ಗಿರಾಕಿಯ ತಟ್ಟೆಯಿಂದ ಬಂದ ಎಂಜಲನ್ನು ಮೂರನೆಯದಕ್ಕೆ ಹಾಕಬೇಕು. ರಾತ್ರಿ ಬಾಗಿಲು ಹಾಕುವ ಮುನ್ನ ಮೂರನ್ನೂ ತೂಗಿ ಪುಸ್ತಕದಲ್ಲಿ ಬರೆಯಬೇಕು. ಮೂರು ಬಕೆಟ್ಟುಗಳ ಮಾತು ಬೇರೆ ಬೇರೆ. ಮೊದಲನೆಯದು ತುಂಬಿದರೆ ಖರೀದಿಯಲ್ಲೋ ಹೆಚ್ಚುವವರ ಕೈಯಲ್ಲೋ ದೋಷವಿದೆ: ಅಗ್ಗಕ್ಕೆ ಸಿಕ್ಕಿತೆಂದು ತಂದ ಕೊಳೆತ ಟೊಮೆಟೊ, ಮೊಂಡು ಚಾಕು, ದಪ್ಪಗೆ ಹೆರೆದ ಸಿಪ್ಪೆ. ಎರಡನೆಯದು ತುಂಬಿದರೆ ಅಂದಾಜು ತಪ್ಪಿದೆ. ಮೂರನೆಯದು ತುಂಬಿದರೆ ಬಡಿಸುವ ಅಳತೆ ಹೆಚ್ಚಾಗಿದೆ ಅಥವಾ ರುಚಿ ಕೆಟ್ಟಿದೆ. ಈ ತೂಕದ ಪುಸ್ತಕವನ್ನು ಕೆಲಸಗಾರರ ಸಂಬಳ ಕಡಿಯುವುದಕ್ಕೆ ಬಳಸಿದ ದಿನವೇ ಅದು ಸುಳ್ಳಾಗುತ್ತದೆ. ಕಸ ಬಕೆಟ್ಟಿಗೆ ಬೀಳದೆ ಚರಂಡಿಗೋ ಪಕ್ಕದ ಖಾಲಿ ಸೈಟಿಗೋ ಹೋಗುತ್ತದೆ.

ಉಳಿಕೆ ತಗ್ಗಿಸಲು ಹೋಟೆಲಿಗೆ ಇರುವ ಅತ್ಯುತ್ತಮ ಸಾಧನ ಹಳೆಯ ಮಾರಾಟದ ಲೆಕ್ಕ. ಸೋಮವಾರ ಎಷ್ಟು ಊಟ ಹೋಯಿತು, ಏಕಾದಶಿಯಂದು ಎಷ್ಟು ಕಡಿಮೆಯಾಯಿತು, ಮಳೆ ಬಂದ ಸಂಜೆ ಬಜ್ಜಿ ಬೋಂಡಾ ಎಷ್ಟು ಏರಿತು, ಹತ್ತಿರದ ಕಾಲೇಜಿಗೆ ರಜೆ ಬಿಟ್ಟಾಗ ಏನಾಯಿತು ಎಂಬುದನ್ನು ಎರಡು ತಿಂಗಳು ಬರೆದಿಟ್ಟರೆ ಅಂದಾಜು ತಾನಾಗಿ ಹತ್ತಿರಕ್ಕೆ ಬರುತ್ತದೆ. ಒಂದು ಕೆಜಿ ಅಕ್ಕಿಯಿಂದ ಸುಮಾರು ಎರಡೂವರೆಯಿಂದ ಮೂರು ಕೆಜಿ ಅನ್ನವಾಗುತ್ತದೆ. ಆರು ಕೆಜಿ ಅನ್ನ ಉಳಿದರೆ ಎರಡು ಕೆಜಿಗೂ ಮಿಕ್ಕಿ ಅಕ್ಕಿ ಹೋಯಿತೆಂದೇ ಅರ್ಥ. ಇಡೀ ಮಧ್ಯಾಹ್ನಕ್ಕೆ ಒಂದೇ ಹಂಡೆ ಇಳಿಸುವ ಬದಲು ಹನ್ನೆರಡಕ್ಕೆ ಒಂದು, ಒಂದೂವರೆಗೆ ಇನ್ನೊಂದು ಎಂದು ಚಿಕ್ಕ ಪಾತ್ರೆಗಳಲ್ಲಿ ಮಾಡಿದರೆ ಕೊನೆಯ ಪಾತ್ರೆಯನ್ನು ಗಿರಾಕಿ ನೋಡಿ ಇಡಬಹುದು. ಅನ್ನವೂ ಬಿಸಿಯಾಗಿರುತ್ತದೆ. ಹುಳಿ ಬಂದ ದೋಸೆ ಹಿಟ್ಟು ಪಡ್ಡಿಗೆ, ಬೆಳಗಿನ ಇಡ್ಲಿ ಸಂಜೆಯ ಇಡ್ಲಿ ಉಪ್ಪಿಟ್ಟಿಗೆ, ಹೀರೇಕಾಯಿ ಸಿಪ್ಪೆ ಚಟ್ನಿಗೆ, ಕಲ್ಲಂಗಡಿಯ ಬಿಳಿ ಭಾಗ ದೋಸೆಗೆ ಹೋಗುವುದು ಕನ್ನಡದ ಮನೆಗಳಿಗೆ ಹೊಸದಲ್ಲ. ವ್ಯಾಪಾರದ ಅಡುಗೆಮನೆಯಲ್ಲಿ ಇದಕ್ಕೊಂದು ಗಡಿ ಮಾತ್ರ ಇರಬೇಕು. ಬೇಯಿಸಿದ ಪದಾರ್ಥ ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂತರೆ ರೋಗಾಣು ಬೆಳೆಯುತ್ತದೆ, ಅನ್ನದಲ್ಲಂತೂ ಬೇಗ. ಬಿಸಿಯಾಗಿ ಇಡುವುದಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗಿಡುವುದಾದರೆ 5 ಡಿಗ್ರಿಗಿಂತ ಕೆಳಗೆ. ನಡುವೆ ಕೂತದ್ದನ್ನು ಉಳಿತಾಯದ ಹೆಸರಿನಲ್ಲಿ ಬಡಿಸಬಾರದು. ಕೆಡದೆ ಉಳಿದ ಊಟವನ್ನು ಹಸಿದವರಿಗೆ ತಲುಪಿಸಲು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ಹೆಚ್ಚುವರಿ ಆಹಾರ ಹಂಚಿಕೆಯ ನಿಯಮಗಳನ್ನೇ ಮಾಡಿದೆ. ರಾಬಿನ್ ಹುಡ್ ಆರ್ಮಿಯಂಥ ಸ್ವಯಂಸೇವಕ ಗುಂಪುಗಳು ನಗರಗಳಲ್ಲಿ ಈ ಕೆಲಸ ಮಾಡುತ್ತಿವೆ.

ಎಂಜಲಿನ ವಿಷಯದಲ್ಲಿ ಹೋಟೆಲಿನವರಿಗೆ ಅಳುಕು ಹೆಚ್ಚು. ಕಡಿಮೆ ಬಡಿಸಿದರೆ ಗಿರಾಕಿ ಹೋದಾನೆಂಬ ಭಯ. ಆದರೆ ಅರ್ಧ ಪ್ಲೇಟು, ಮಿನಿ ಊಟ ಎಂದು ಎರಡು ಅಳತೆ ಇಟ್ಟು ಬೆಲೆಯನ್ನೂ ಇಳಿಸಿದರೆ ಹಿರಿಯರು, ಮಕ್ಕಳು, ಮಧ್ಯಾಹ್ನ ಹಗುರವಾಗಿ ಉಣ್ಣುವವರು ತಾವಾಗಿ ಅದನ್ನು ಆರಿಸಿಕೊಳ್ಳುತ್ತಾರೆ. ಪಲ್ಯ, ಚಟ್ನಿ, ಉಪ್ಪಿನಕಾಯಿಗಳನ್ನು ಕೇಳಿದವರಿಗೆ ಎರಡನೆಯ ಸಲ ಬಡಿಸುವುದು ಉಡುಪಿಯ ಊಟದ ಪಂಕ್ತಿಯ ಹಳೆಯ ಪದ್ಧತಿ. ಮೊದಲೇ ರಾಶಿ ಹಾಕುವುದಕ್ಕಿಂತ ಅದರಲ್ಲಿ ಮರ್ಯಾದೆಯೂ ಹೆಚ್ಚು, ಪೋಲೂ ಕಡಿಮೆ. ಚಟ್ನಿಯ ಬಟ್ಟಲು ಒಂದಿಷ್ಟು ಚಿಕ್ಕದಾದರೆ ತೆಂಗಿನಕಾಯಿಯ ಖರ್ಚಿನಲ್ಲಿ ವ್ಯತ್ಯಾಸ ಕಾಣುತ್ತದೆ. ಕಾಯಿಯ ಬೆಲೆ ಏರಿದ ವರ್ಷಗಳಲ್ಲಿ ಇದನ್ನು ಹೋಟೆಲಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ತೂಕದ ಮೇಲೆ ಹಣ ಕೊಡುವ ಕಡೆ ನೀರಿನದೇ ಒಂದು ಪ್ರತ್ಯೇಕ ಅಧ್ಯಾಯ. ಅಡುಗೆಮನೆಯ ಹಸಿ ಕಸದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಸಾಂಬಾರು, ಮಜ್ಜಿಗೆ, ಗಂಜಿ ಬೆರೆತ ಬಕೆಟ್ಟಿನಲ್ಲಿ ಅದು ಇನ್ನೂ ಹೆಚ್ಚು. ತೂತಿನ ತಟ್ಟೆಯೊಂದನ್ನು ಬಕೆಟ್ಟಿನ ಮೇಲಿಟ್ಟು ನೀರು ಬಸಿದ ಮೇಲೆ ಗಟ್ಟಿಯನ್ನಷ್ಟೇ ಹಾಕಿದರೆ ಸಾಗಿಸಬೇಕಾದ ತೂಕ ತಕ್ಷಣ ಇಳಿಯುತ್ತದೆ, ನಾತ ಕಡಿಮೆಯಾಗುತ್ತದೆ, ಗಾಡಿಯಿಂದ ರಸ್ತೆಗೆ ಸೋರುವುದೂ ನಿಲ್ಲುತ್ತದೆ. ಬಸಿದ ನೀರು ಜಿಡ್ಡು ತಡೆಯುವ ಗುಂಡಿಯ ಮೂಲಕವೇ ಒಳಚರಂಡಿಗೆ ಹೋಗಬೇಕು. ಇಲ್ಲದಿದ್ದರೆ ಎಣ್ಣೆ ಗಟ್ಟಿಯಾಗಿ ಕೊಳವೆ ಕಟ್ಟಿಕೊಂಡು, ಅದನ್ನು ಬಿಡಿಸುವ ಖರ್ಚು ಬೇರೆ ಬೀಳುತ್ತದೆ.

ಕರಿದ ಎಣ್ಣೆಯ ಕಥೆ ಇನ್ನೂ ಗಂಭೀರ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದರಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ಸ್ ಎಂಬ ಹಾನಿಕರ ಅಂಶಗಳು ಬೆಳೆಯುತ್ತವೆ. ಅವು ಶೇ. 25 ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂಬ ಮಿತಿ 2018ರ ಜುಲೈ 1ರಿಂದ ಜಾರಿಯಲ್ಲಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಅದರ ಲೆಕ್ಕ ಬರೆದಿಡಬೇಕು. ಹಳೆಯ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ಮಾಡಿಸಲು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ರೂಕೋ ಎಂಬ ಯೋಜನೆ ಆರಂಭಿಸಿತು. ಅದರಡಿ ನೋಂದಾಯಿಸಿಕೊಂಡ ಸಂಗ್ರಹಕಾರರು ಈ ಎಣ್ಣೆಗೆ ಹಣ ಕೊಟ್ಟು ಒಯ್ಯುತ್ತಾರೆ. ಚರಂಡಿಗೆ ಸುರಿದರೆ ಖರ್ಚು, ಅವರಿಗೆ ಕೊಟ್ಟರೆ ಆದಾಯ. ಬೀದಿಬದಿಯ ತಿಂಡಿ ಗಾಡಿಗೆ ಅಗ್ಗವಾಗಿ ಮಾರುವ ಮೂರನೆಯ ದಾರಿಯೂ ಕೆಲವೆಡೆ ಇದೆ. ಬಡವರ ತಟ್ಟೆಗೆ ವಿಷ ಬಡಿಸುವ ಆ ದಾರಿಯನ್ನು ಯಾವ ಮಾಲೀಕರೂ ಹಿಡಿಯಬಾರದು. ಆಗಾಗ ಸೋಸಿ, ಅಗತ್ಯಕ್ಕಿಂತ ಹೆಚ್ಚು ಕಾಯಿಸದೆ, ಕೆಲಸವಿಲ್ಲದಾಗ ಉರಿ ಆರಿಸಿದರೆ ಎಣ್ಣೆ ತಾಳುವ ಅವಧಿಯೂ ಹೆಚ್ಚುತ್ತದೆ.

ಇಷ್ಟಾದ ಮೇಲೂ ಉಳಿಯುವ ಹಸಿ ಕಸಕ್ಕೆ ದನದ ಮೇವು, ಗೊಬ್ಬರ, ಅನಿಲ ಎಂಬ ಮೂರು ದಾರಿಗಳಿವೆ. ತರಕಾರಿ ಸಿಪ್ಪೆ, ಬಾಳೆ ಎಲೆ, ಕಲಗಚ್ಚು ಹತ್ತಿರದ ಹಸುಗಾರರಿಗೆ ಬೇಕಾದ ವಸ್ತು. ಅದರೊಳಗೆ ಒಂದು ಪ್ಲಾಸ್ಟಿಕ್ ಚೀಲವೂ, ಒಂದು ಟೂತ್‌ಪಿಕ್ಕೂ ಸೇರಬಾರದು. ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಗಂಟುಕಟ್ಟಿ ಸಾಯುವ ಬೀದಿ ಹಸುಗಳ ಸಂಕಟ ಎಲ್ಲ ಊರುಗಳಿಗೂ ಗೊತ್ತಿರುವುದೇ. ಹಂದಿ ಸಾಕುವವರು ಒಯ್ಯುವ ಮುಸುರೆಯನ್ನು ಚೆನ್ನಾಗಿ ಕುದಿಸಿಯೇ ಹಾಕಬೇಕು. 2020ರಲ್ಲಿ ಭಾರತಕ್ಕೆ ಕಾಲಿಟ್ಟ ಆಫ್ರಿಕನ್ ಹಂದಿ ಜ್ವರ ಕುದಿಸದ ಎಂಜಲಿನ ಮೂಲಕವೂ ಹರಡಬಲ್ಲದು.

ಗೊಬ್ಬರಕ್ಕೆ ಬೇಕಾದ್ದು ಗಾಳಿ, ತೇವ, ಮತ್ತು ಹಸಿ ಕಸದ ಜೊತೆಗೆ ಬೆರೆಸುವ ಒಣ ಎಲೆ, ಮರದ ಹೊಟ್ಟು ಅಥವಾ ತೆಂಗಿನ ನಾರಿನ ಪುಡಿ. ಇಂಗಾಲ ಮತ್ತು ಸಾರಜನಕದ ಪ್ರಮಾಣ 25ರಿಂದ 30ಕ್ಕೆ 1ರಷ್ಟಿದ್ದರೆ ರಾಶಿ ಬಿಸಿಯೇರಿ, ವಾಸನೆಯಿಲ್ಲದೆ ಕೊಳೆಯುತ್ತದೆ. ಬರೀ ಅನ್ನ ಸಾಂಬಾರು ತುಂಬಿದರೆ ಹುಳಿತು ನಾರುತ್ತದೆ, ನೆರೆಯವರ ದೂರು ಬರುತ್ತದೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ಗೊಬ್ಬರ ಕೊಡುತ್ತೇವೆಂಬ ವಿದ್ಯುತ್ ಯಂತ್ರಗಳ ಬಗ್ಗೆ ಎಚ್ಚರ ಬೇಕು. ಅವುಗಳಲ್ಲಿ ಹಲವು ಕಸವನ್ನು ಪುಡಿಮಾಡಿ ಒಣಗಿಸುತ್ತವೆಯೇ ಹೊರತು, ಹಣ್ಣಾದ ಗೊಬ್ಬರ ಕೊಡುವುದಿಲ್ಲ. ಅದನ್ನು ಮತ್ತೆ ಕೆಲವು ವಾರ ಮಾಗಿಸಬೇಕು. ಕಸದ ಬಿಲ್ಲು ಇಳಿದು ಕರೆಂಟ್ ಬಿಲ್ಲು ಏರಿದರೆ ಪ್ರಯೋಜನವೇನು? ಜೈವಿಕ ಅನಿಲದ ಲೆಕ್ಕ ಹೀಗಿದೆ: 100 ಕೆಜಿ ಆಹಾರ ತ್ಯಾಜ್ಯದಿಂದ ಸುಮಾರು 8ರಿಂದ 10 ಘನ ಮೀಟರ್ ಅನಿಲ ಬರುತ್ತದೆ, ಒಂದು ಘನ ಮೀಟರ್ ಸುಮಾರು 0.45 ಕೆಜಿ ಅಡುಗೆ ಅನಿಲಕ್ಕೆ ಸಮ. ಅಂದರೆ ದಿನಕ್ಕೆ 4 ಕೆಜಿಯಷ್ಟು ಉಳಿತಾಯ, 19 ಕೆಜಿಯ ವಾಣಿಜ್ಯ ಸಿಲಿಂಡರ್ ಒಂದು ಐದು ದಿನಕ್ಕೆ. ಕಲ್ಯಾಣ ಮಂಟಪ, ದೊಡ್ಡ ಮೆಸ್ಸು, ಹಾಸ್ಟೆಲುಗಳಿಗೆ ಇದು ಯೋಚಿಸತಕ್ಕ ಮಾತು. ದಿನಕ್ಕೆ 20 ಕೆಜಿಯ ಹೋಟೆಲಿಗೆ ಜಾಗ, ಬಂಡವಾಳ, ನೋಡಿಕೊಳ್ಳುವವರ ಕೂಲಿ ಲೆಕ್ಕ ಹಾಕಿದರೆ ಗಿಟ್ಟುವುದು ಕಷ್ಟ. ಕಸ ಹುಟ್ಟದಂತೆ ನೋಡಿಕೊಳ್ಳುವುದೇ ಅದಕ್ಕೆ ಲಾಭ.

ದಿನಸಿ ಅಂಗಡಿ ಮತ್ತು ಬೇಕರಿಗಳಲ್ಲಿ ನಷ್ಟ ಕೂತಿರುವುದು ಕಪಾಟಿನ ಹಿಂಬದಿಯಲ್ಲಿ. ಹೊಸ ಮಾಲು ಬಂದಾಗ ಹಳೆಯದನ್ನು ಮುಂದಕ್ಕೆ ಸರಿಸಿ ಹೊಸದನ್ನು ಹಿಂದಿಡುವುದು ಎರಡು ನಿಮಿಷದ ಕೆಲಸ. ಅವಸರದಲ್ಲಿ ಹೊಸದನ್ನೇ ಮುಂದಿಟ್ಟರೆ ಹಿಂದಿನದು ಅವಧಿ ಮೀರುತ್ತದೆ. ತಿಂಗಳಿಗೊಮ್ಮೆ ದಿನಾಂಕ ನೋಡಿ, ಮುಗಿಯಲು ಬಂದದ್ದನ್ನು ರಿಯಾಯಿತಿಯಲ್ಲಿ ಮಾರಬೇಕು ಅಥವಾ ಸಮಯವಿರುವಾಗಲೇ ವಿತರಕರಿಗೆ ತಿಳಿಸಬೇಕು. ಅನೇಕ ಕಂಪನಿಗಳ ವಿತರಕರು ಒಡೆದ, ಅವಧಿ ಮೀರಿದ ಮಾಲನ್ನು ವಾಪಸು ಪಡೆಯುತ್ತಾರಾದರೂ ತಡಮಾಡಿದವರಿಗೆ ಆ ಅವಕಾಶ ತಪ್ಪುತ್ತದೆ. ಸ್ಕೀಮ್ ಇದೆಯೆಂದು ಹತ್ತು ಪೆಟ್ಟಿಗೆ ಹೆಚ್ಚು ಇಳಿಸಿಕೊಂಡು ಎರಡು ಪೆಟ್ಟಿಗೆ ಹಾಳಾದರೆ ಸ್ಕೀಮಿನ ಲಾಭ ಅಲ್ಲೇ ಮುಗಿಯಿತು. ಬೇಕರಿಯಲ್ಲಿ ಉಳಿದ ಬ್ರೆಡ್ಡು ಅಂದೇ ರಸ್ಕಾಗಬಹುದು, ಬ್ರೆಡ್ ಪುಡಿಯಾಗಬಹುದು. ಸಂಜೆ ಎಂಟರ ಮೇಲೆ ಪಫ್ಸಿನ ಬೆಲೆ ಇಳಿಸುವುದರಿಂದ ಹೆಸರು ಕೆಡುವುದಿಲ್ಲ.

ಈ ಅಂಗಡಿಗಳಿಂದ ಹೊರಬೀಳುವ ಒಣ ಕಸ ಬಹುಪಾಲು ಕಸವೇ ಅಲ್ಲ. ರಟ್ಟಿನ ಡಬ್ಬ, ಗೋಣಿಚೀಲ, ಎಣ್ಣೆ ಡಬ್ಬ, ಗಾಜಿನ ಬಾಟಲಿಗಳಿಗೆ ಗುಜರಿಯಲ್ಲಿ ಬೆಲೆಯಿದೆ. ಮೊಟ್ಟೆಯ ಟ್ರೇ, ಹಾಲಿನ ಕ್ರೇಟು, ಸೋಡಾ ಕೇಸು ಮರಳಿ ಹೋಗಿ ಮತ್ತೆ ತುಂಬಿ ಬರುವುದು ಇಂದಿಗೂ ನಡೆದಿದೆ. ತರಕಾರಿ, ಹಣ್ಣು, ಬನ್ನುಗಳನ್ನೂ ಹೀಗೆ ಮರಳಿಸುವ ಕ್ರೇಟಿನಲ್ಲೇ ಕೊಡಿ ಎಂದು ಪೂರೈಸುವವರನ್ನು ಕೇಳಬಹುದು. ಗುಜರಿಯ ಬೆಲೆ ನಿಂತಿರುವುದು ಶುಚಿತ್ವದ ಮೇಲೆ. ಮಳೆಯಲ್ಲಿ ನೆನೆದ ರಟ್ಟು, ಸಾಂಬಾರು ಮೆತ್ತಿದ ಕಾಗದ, ತೊಳೆಯದ ಹಾಲಿನ ಕವರು ಯಾರಿಗೂ ಬೇಡ. ಅದೇ ಕವರನ್ನು ತೊಳೆದು ಒಣಗಿಸಿ ಕಟ್ಟಿಟ್ಟರೆ ಮಾರಾಟದ ವಸ್ತು. ಚಿಕ್ಕ ಅಂಗಡಿಗೆ ದೊಡ್ಡ ವ್ಯವಸ್ಥೆ ಬೇಕಿಲ್ಲ: ಗೋಡೆಗೆ ತೂಗುಹಾಕಿದ ಎರಡು ಗೋಣಿಚೀಲ, ಒಂದು ಕಾಗದ ರಟ್ಟಿಗೆ, ಇನ್ನೊಂದು ಪ್ಲಾಸ್ಟಿಕ್ಕಿಗೆ. ಬೆಂಗಳೂರಿನ ವಾರ್ಡುಗಳ ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳಲ್ಲಿ ಹಲವನ್ನು, ಹಿಂದೆ ಬೀದಿಯಲ್ಲಿ ಕಸ ಆಯುತ್ತಿದ್ದವರೇ ನಡೆಸುತ್ತಿದ್ದಾರೆ. ಅವರನ್ನು ಸಂಘಟಿಸಿ, ಗುರುತಿನ ಚೀಟಿ ಕೊಡಿಸಲು ದುಡಿದದ್ದು ಹಸಿರು ದಳ ಎಂಬ ಸಂಸ್ಥೆ. ಅಂಗಡಿಯ ಶುಚಿಯಾದ ಒಣ ಕಸ ಈ ಕೇಂದ್ರಗಳಿಗೆ ಹೋದರೆ ಒಂದು ಕುಟುಂಬದ ಸಂಪಾದನೆಗೂ ಆಧಾರ.

ಪ್ಯಾಕಿಂಗಿನಲ್ಲಿ ಕಾನೂನು ಮತ್ತು ಖರ್ಚು ಒಂದೇ ದಿಕ್ಕಿಗೆ ಬೆಟ್ಟು ಮಾಡುತ್ತವೆ. ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತ್ತು. 2022ರ ಜುಲೈ 1ರಿಂದ ದೇಶದಾದ್ಯಂತ ಪ್ಲಾಸ್ಟಿಕ್ಕಿನ ಲೋಟ, ತಟ್ಟೆ, ಚಮಚ, ಸ್ಟ್ರಾಗಳಂಥ ಒಮ್ಮೆ ಬಳಸಿ ಎಸೆಯುವ ವಸ್ತುಗಳು ನಿಷಿದ್ಧವಾದವು. ಪ್ಲಾಸ್ಟಿಕ್ ಕೈಚೀಲ 120 ಮೈಕ್ರಾನಿಗಿಂತ ತೆಳುವಾಗಿರಕೂಡದೆಂಬ ನಿಯಮ 2022ರ ಡಿಸೆಂಬರ್ 31ರಿಂದ ಬಂತು. ದಂಡ ತೆತ್ತು ಮಾಲನ್ನೂ ಕಳೆದುಕೊಳ್ಳುವುದಕ್ಕಿಂತ ಅದನ್ನು ತರದಿರುವುದೇ ಅಗ್ಗ. ಒಳಗೆ ಕೂತು ತಿನ್ನುವವರಿಗೆ ಸ್ಟೀಲಿನ ಲೋಟ, ತಟ್ಟೆ. ತೊಳೆಯುವ ಕೂಲಿ, ನೀರಿನ ಖರ್ಚು ಸೇರಿಸಿದರೂ ದಿನವೂ ನೂರಾರು ಕಾಗದದ ಲೋಟ ಕೊಂಡು ಎಸೆಯುವುದಕ್ಕಿಂತ ಅದು ಕೈಗೆ ಹತ್ತುತ್ತದೆ. ಕಾಗದದ ಲೋಟದ ಒಳಮೈಗೂ ಪ್ಲಾಸ್ಟಿಕ್ ಲೇಪವಿರುವುದರಿಂದ ಅದು ಗೊಬ್ಬರಕ್ಕೂ ಬಾರದು, ರದ್ದಿಗೂ ಬಾರದು. ಪಾರ್ಸಲಿಗೆ ಮನೆಯಿಂದ ಡಬ್ಬಿ ತಂದವರಿಗೆ ಒಂದೆರಡು ರೂಪಾಯಿ ಕಡಿಮೆ ಮಾಡುವ ಹೋಟೆಲಿಗೆ ಡಬ್ಬಿಯ ಖರ್ಚೂ ಉಳಿಯುತ್ತದೆ, ಗಿರಾಕಿಯೂ ಉಳಿಯುತ್ತಾರೆ.

ಗ್ಯಾರೇಜು, ವರ್ಕ್‌ಶಾಪುಗಳ ಕಸದಲ್ಲಿ ಅಪಾಯವೂ ಇದೆ, ಹಣವೂ ಇದೆ. ಒಂದು ಕಾರಿನ ಎಂಜಿನ್ನಿನಿಂದ ಇಳಿಸಿದ ಹಳೆಯ ಎಣ್ಣೆ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ಅದೇ ಎಣ್ಣೆಯನ್ನು ಮುಚ್ಚಿದ ಡ್ರಮ್ಮಿನಲ್ಲಿ ಕೂಡಿಟ್ಟರೆ ಪರವಾನಗಿ ಪಡೆದ ಮರುಸಂಸ್ಕರಣೆಯವರು ಕೊಳ್ಳುತ್ತಾರೆ. ಅದರೊಳಗೆ ನೀರು, ಥಿನ್ನರ್, ಬ್ರೇಕ್ ಆಯಿಲ್ ಬೆರೆತರೆ ಬೆಲೆ ಬಿದ್ದುಹೋಗುತ್ತದೆ. ಅಪಾಯಕಾರಿ ತ್ಯಾಜ್ಯವನ್ನು 90 ದಿನಕ್ಕಿಂತ ಹೆಚ್ಚು ಕೂಡಿಡಬಾರದೆಂದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಹೇಳುತ್ತವೆ. ಹಳೆಯ ಬ್ಯಾಟರಿಯನ್ನು ಹೊಸದರ ಖರೀದಿಯಲ್ಲಿ ವಿತರಕರಿಗೇ ಮರಳಿಸಿದರೆ ಬಿಲ್ಲಿನಲ್ಲಿ ಅಷ್ಟು ಕಡಿತ. ಗಲ್ಲಿಯಲ್ಲಿ ಒಡೆದು ಸೀಸ ಕರಗಿಸುವವರ ಕೈಗೆ ಅದು ಹೋದರೆ ಸುತ್ತಲಿನ ಮಕ್ಕಳ ರಕ್ತಕ್ಕೆ ಸೀಸ ಸೇರುತ್ತದೆ. ಪೀಣ್ಯದಂಥ ಕಡೆಯ ಲೇಥ್ ವರ್ಕ್‌ಶಾಪುಗಳಲ್ಲಿ ಅಲ್ಯೂಮಿನಿಯಂ, ಹಿತ್ತಾಳೆ, ಉಕ್ಕಿನ ಚೂರುಗಳನ್ನು ಯಂತ್ರದಿಂದ ಯಂತ್ರಕ್ಕೆ ಬೇರೆ ಬೇರೆ ಟ್ರೇಗಳಲ್ಲಿ ಹಿಡಿದರೆ ಪ್ರತಿಯೊಂದಕ್ಕೂ ಅದರದರ ಬೆಲೆ. ಎಲ್ಲ ಗುಡಿಸಿ ಒಂದೇ ರಾಶಿ ಮಾಡಿದರೆ ಇಡೀ ರಾಶಿ ಅತಿ ಅಗ್ಗದ ಲೋಹದ ದರಕ್ಕೆ ಹೋಗುತ್ತದೆ.

ಬೆರೆಸುವುದರ ದಂಡ ಅತಿ ಸ್ಪಷ್ಟವಾಗಿ ಕಾಣುವುದು ಸಣ್ಣ ಕ್ಲಿನಿಕ್ಕು, ಪ್ರಯೋಗಾಲಯಗಳಲ್ಲಿ. ಜೈವಿಕ ವೈದ್ಯಕೀಯ ತ್ಯಾಜ್ಯಕ್ಕೆ ಹಳದಿ, ಕೆಂಪು, ಬಿಳಿ, ನೀಲಿ ಎಂದು ನಾಲ್ಕು ಬಣ್ಣದ ವ್ಯವಸ್ಥೆಯಿದೆ. ಸುಟ್ಟು ನಾಶಮಾಡುವ ಹಳದಿ ಚೀಲಕ್ಕೆ ಔಷಧದ ಖಾಲಿ ರಟ್ಟು, ಊಟದ ಪೊಟ್ಟಣ ಬಿದ್ದರೆ ಅದೂ ಸೋಂಕಿನ ಕಸವೇ ಆಗುತ್ತದೆ, ಅದೇ ದುಬಾರಿ ದಾರಿ ಹಿಡಿಯಬೇಕಾಗುತ್ತದೆ. ಅಲ್ಲಿ ಸಾಮಾನ್ಯ ಕಸಕ್ಕೊಂದು ಬುಟ್ಟಿಯನ್ನು ಕೈಗೆ ಸಿಗುವಂತೆ ಇಟ್ಟರೇ ಅರ್ಧ ಸಮಸ್ಯೆ ಬಗೆಹರಿಯುತ್ತದೆ.

ಒಬ್ಬರ ಕಸ ಇನ್ನೊಬ್ಬರ ಸರಕಾಗುವ ಜಾಣತನ ಕರ್ನಾಟಕದ ಕಸುಬುಗಳಲ್ಲಿ ಮೊದಲಿನಿಂದಲೂ ಇದೆ. ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆ ಅದೇ ಕಬ್ಬಿನ ಹಾಲನ್ನು ಕಾಯಿಸುತ್ತದೆ. ರಾಮನಗರ, ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆಯಲ್ಲಿ ಉಳಿದ ರೇಷ್ಮೆ ಸ್ಪನ್ ಸಿಲ್ಕ್ ನೂಲಿಗೆ, ಗೂಡಿನೊಳಗಿನ ಹುಳು ಕೋಳಿ ಮೀನುಗಳ ಮೇವಿಗೆ ಹೋಗುತ್ತದೆ. ಕರಾವಳಿಯ ಗೇರು ಕಾರ್ಖಾನೆಗಳು ಗೇರುಸಿಪ್ಪೆಯ ಎಣ್ಣೆಯನ್ನು ಮಾರುತ್ತವೆ. ಅಕ್ಕಿ ಗಿರಣಿಯ ತೌಡು ಎಣ್ಣೆಗೆ, ಹೊಟ್ಟು ಒಲೆಗೆ. ಬಟ್ಟೆ ಕತ್ತರಿಸುವಾಗ ಸಾಮಾನ್ಯವಾಗಿ ನೂರಕ್ಕೆ ಹತ್ತರಿಂದ ಇಪ್ಪತ್ತು ಪಾಲು ಚಿಂದಿಯಾಗುತ್ತದೆ. ಅಳತೆಗಳನ್ನು ಜಾಣತನದಿಂದ ಜೋಡಿಸಿ ಗುರುತು ಹಾಕಿದರೆ ಅದು ಇಳಿಯುತ್ತದೆ. ಉಳಿದದ್ದನ್ನು ಬಣ್ಣ, ಬಗೆ ನೋಡಿ ಬೇರೆ ಕಟ್ಟಿಟ್ಟರೆ ಹತ್ತಿಯ ಚಿಂದಿಯನ್ನು ವರ್ಕ್‌ಶಾಪಿನವರು ಒರೆಸಲು ಕೊಳ್ಳುತ್ತಾರೆ, ದೊಡ್ಡ ತುಂಡುಗಳು ಕೌದಿ ಹೊಲಿಯುವವರಿಗೆ ಬೇಕು. ಉತ್ತರ ಕರ್ನಾಟಕದ ಹೆಂಗಸರೂ ಉತ್ತರ ಕನ್ನಡದ ಸಿದ್ದಿ ಮಹಿಳೆಯರೂ ತುಂಡು ಬಟ್ಟೆಯಿಂದ ಹೊಲಿದ ಕೌದಿಗಳಿಗೆ ಇಂದು ದೂರದ ನಗರಗಳಲ್ಲೂ ಮಾರುಕಟ್ಟೆಯಿದೆ. ಪೇಟೆಯ ಪ್ರತಿ ಬೀದಿಯಲ್ಲೂ ಇಂಥ ಕೊಡುಕೊಳ್ಳುವಿಕೆ ಸಾಧ್ಯ. ಕಾಫಿ ಚರಟ ನರ್ಸರಿಗೆ, ಬಡಗಿಯ ಮರದ ಹೊಟ್ಟು ಹೋಟೆಲಿನ ಗೊಬ್ಬರದ ತೊಟ್ಟಿಗೆ, ಎಲೆಕ್ಟ್ರಾನಿಕ್ ಅಂಗಡಿಯ ಥರ್ಮಾಕೋಲು ಮತ್ತು ರಟ್ಟು ಪಾತ್ರೆ ಅಂಗಡಿಯ ಪ್ಯಾಕಿಂಗಿಗೆ.

ಕೊನೆಗೆ ಉಳಿಯುವ ಕಸಕ್ಕೆ ಹಣ ಕೊಡಲೇಬೇಕು. ಆ ಒಪ್ಪಂದವನ್ನು ಮಾಡುವಾಗ ದರ ತೂಕದ ಮೇಲೋ, ಗಾಡಿಯ ಲೆಕ್ಕದಲ್ಲೋ, ತಿಂಗಳಿಗೆ ಇಷ್ಟೆಂದೋ ಎಂಬುದು ಮೊದಲು ತಿಳಿಯಬೇಕು. ತಿಂಗಳಿಗೆ ಇಷ್ಟೆಂದು ಗೊತ್ತುಮಾಡಿದ್ದರೆ ಕಸ ಇಳಿಸಿದರೂ ಬಿಲ್ಲು ಇಳಿಯುವುದಿಲ್ಲ. ತೂಕ ಇಳಿದ ಮೇಲೆ ಒಪ್ಪಂದವನ್ನು ಮತ್ತೆ ಕೂತು ಮಾತಾಡಬೇಕು. ತೂಗುವಾಗ ಅಂಗಡಿಯವರೊಬ್ಬರು ಎದುರಿಗಿರಬೇಕು, ರಸೀದಿ ಪಡೆಯಬೇಕು, ಕಸ ಎಲ್ಲಿಗೆ ಹೋಗುತ್ತದೆಂದು ಕೇಳಬೇಕು. ಅರ್ಧ ದರಕ್ಕೆ ಒಯ್ಯುತ್ತೇನೆಂಬುವರು ರಾತ್ರಿ ಕೆರೆಯಂಗಳಕ್ಕೆ ಸುರಿದು ಹೋದರೆ, ಆ ರಾಶಿಯಲ್ಲಿ ಸಿಗುವ ಬಿಲ್ಲಿನ ಚೂರು ಅಂಗಡಿಯ ಹೆಸರನ್ನೇ ಹೇಳುತ್ತದೆ. ಹಸಿ ಕಸ ದಿನವೂ ಹೋಗಬೇಕು, ಒಣ ಕಸ ವಾರಕ್ಕೊಮ್ಮೆ ಹೋದರೂ ನಡೆಯುತ್ತದೆ. ಒಂದೇ ಬೀದಿಯ ಏಳೆಂಟು ಅಂಗಡಿಗಳು ಸೇರಿ ಒಬ್ಬರನ್ನೇ ಗೊತ್ತುಮಾಡಿಕೊಂಡರೆ ದರದಲ್ಲಿ ಮಾತಾಡುವ ಬಲ ಬರುತ್ತದೆ. ಸುಡುವುದಂತೂ ಉಳಿತಾಯದ ದಾರಿಯೇ ಅಲ್ಲ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ಪರಿಹಾರ ತೆರಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಆದೇಶಿಸಿದೆ.

ಈ ಲೆಕ್ಕಗಳಲ್ಲೆಲ್ಲೂ ಬಾರದ ಒಂದು ಖರ್ಚನ್ನು ಪೌರಕಾರ್ಮಿಕರ ಕೈಗಳು ತೆರುತ್ತವೆ. ಅಂಗಡಿಯ ಚೀಲದೊಳಗಿನ ಒಡೆದ ಲೋಟ, ಬ್ಲೇಡು, ಟ್ಯೂಬ್‌ಲೈಟಿನ ಚೂರು ಅವರ ಅಂಗೈ ಸೀಳುತ್ತದೆ. ಗಾಯಗೊಂಡ ದಿನದ ಕೂಲಿ, ಔಷಧದ ಹಣ ಅವರ ಮನೆಯಿಂದಲೇ ಹೋಗುತ್ತದೆ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ರಟ್ಟಿನ ಡಬ್ಬದಲ್ಲಿಟ್ಟು, ಮೇಲೆ ‘ಗಾಜು’ ಎಂದು ದೊಡ್ಡದಾಗಿ ಬರೆದು ಪ್ರತ್ಯೇಕವಾಗಿ ಕೊಡಿ. ಇದಕ್ಕೆ ಅಂಗಡಿಗೆ ಒಂದು ಪೈಸೆಯೂ ಖರ್ಚಾಗುವುದಿಲ್ಲ.